ಕೈಯಿಂದ ಕೈಗೆ ದಾಟುವ ವಿದ್ಯೆ



ಬೆಂಗಳೂರಿನ ಹಳೆ ಮದ್ರಾಸ್ ರಸ್ತೆಯಿಂದ ಎಚ್‌ಎಎಲ್ ಕಡೆಗೆ ಹೋಗುವ ದಾರಿಯಲ್ಲಿ ಸುರಂಜನ್ ದಾಸ್ ರಸ್ತೆ ಸಿಗುತ್ತದೆ. ದಿನವೂ ಸಾವಿರಾರು ಜನ ಅಲ್ಲಿ ಓಡಾಡುತ್ತಾರೆ, ಆಟೋದವರಿಗೆ ಆ ಹೆಸರು ಹೇಳಿ ಹತ್ತುತ್ತಾರೆ. ಸುರಂಜನ್ ದಾಸ್ ಯಾರು ಎಂದು ಕೇಳಿದರೆ ಮಾತ್ರ ಹೇಳುವವರು ಕಡಿಮೆ. ಅವರು ವಾಯುಪಡೆಯ ಪೈಲಟ್. ನಮ್ಮ ದೇಶದಲ್ಲೇ ರೂಪಿಸಿ ಕಟ್ಟಿದ ಮೊದಲ ಜೆಟ್ ಯುದ್ಧವಿಮಾನ ಎಚ್‌ಎಫ್-24 ಮಾರುತವನ್ನು 1961ರ ಜೂನ್ 17ರಂದು ಮೊದಲ ಸಲ ಮೇಲಕ್ಕೇರಿಸಿದವರು. 1970ರ ಜನವರಿಯಲ್ಲಿ ಅದೇ ಮಾರುತದ ಸುಧಾರಿಸಿದ ಮಾದರಿಯೊಂದನ್ನು ಪರೀಕ್ಷೆ ಮಾಡುತ್ತಿದ್ದಾಗ ಪ್ರಾಣ ಕಳೆದುಕೊಂಡರು. ಆ ರಸ್ತೆಯಲ್ಲಿ ಹೋಗುವಾಗಲೆಲ್ಲ ನನಗೆ ಆ ಹೆಸರಿನ ಜೊತೆಗೆ ಇನ್ನೊಂದು ವಿಷಯ ನೆನಪಾಗುತ್ತದೆ. ಆ ವಿಮಾನವನ್ನು ಕಟ್ಟಿದ ಜನ ಆಮೇಲೆ ಏನಾದರು ಎನ್ನುವುದು.

ಇವತ್ತು ನಾನು ಮಾತಾಡಬೇಕಿರುವುದು ದೇಶದ ರಕ್ಷಣೆಗೆ ಬೇಕಾದ ಸಾಮಗ್ರಿಯನ್ನು ದೇಶದಲ್ಲೇ ಮಾಡಿಕೊಳ್ಳುವ ಬಗ್ಗೆ. ಈ ಮಾತು ಬಂದಾಗಲೆಲ್ಲ ಪತ್ರಿಕೆಗಳಲ್ಲಿ ಸಾವಿರಾರು ಕೋಟಿ ರೂಪಾಯಿಯ ಲೆಕ್ಕ ಬರುತ್ತದೆ, ಒಪ್ಪಂದಕ್ಕೆ ಸಹಿ ಹಾಕುವವರ ಚಿತ್ರ ಬರುತ್ತದೆ. ಲೆಕ್ಕವೂ ಬೇಕು, ಇಲ್ಲವೆನ್ನುವುದಿಲ್ಲ. ಆದರೆ ನಾನು ಫಿಟ್ಟರ್. ಹತ್ತು ವರ್ಷ ಕಾರ್ಖಾನೆಯಲ್ಲಿ ದುಡಿದು, ಆಮೇಲೆ ಇಪ್ಪತ್ತೈದು ವರ್ಷ ಐಟಿಐ ಮಕ್ಕಳಿಗೆ ಕೆಲಸ ಕಲಿಸಿದವನು. ಹಾಗಾಗಿ ನನ್ನ ಕಣ್ಣು ಬೇರೆ ಕಡೆಗೆ ಹೋಗುತ್ತದೆ. ವಿಮಾನದ, ರೇಡಾರಿನ ಭಾಗಗಳನ್ನು ಮಾಡುವ ಮಗುವನ್ನು ಯಾರು ತಯಾರು ಮಾಡುತ್ತಿದ್ದಾರೆ? ಆ ಮಗುವಿಗೆ ಕಲಿಸುವವರು ಯಾರು? ಕಲಿತ ಮೇಲೆ ಆ ಕೈಗೆ ಎಷ್ಟು ವರ್ಷ ಕೆಲಸ ಸಿಗುತ್ತದೆ?

ಐಟಿಐಗೆ ಸೇರಿದ ಫಿಟ್ಟರ್ ಹುಡುಗನ ಕೈಗೆ ಮೊದಲು ಬರುವುದು ಒಂದು ತುಂಡು ಮೆದು ಉಕ್ಕು ಮತ್ತು ಒಂದು ಅರ. ತುಂಡನ್ನು ವೈಸಿಗೆ ಕಚ್ಚಿಸಿ, ಅರದಿಂದ ಉಜ್ಜಿ, ಅದರ ಮುಖವನ್ನು ಸಮ ಮಾಡಬೇಕು. ಕೇಳುವುದಕ್ಕೆ ಸುಲಭ. ಎರಡೂ ಕೈಯ ಭಾರ ಒಂದೇ ಸಮ ಬೀಳದಿದ್ದರೆ ಅರ ತೊಟ್ಟಿಲ ಹಾಗೆ ತೂಗುತ್ತದೆ, ಉಕ್ಕಿನ ಮುಖ ನಡುವೆ ಉಬ್ಬಿಕೊಳ್ಳುತ್ತದೆ. ಉಜ್ಜಿದ ಮೇಲೆ ಮೂಲೆಮಟ್ಟವನ್ನು ಅದರ ಮೇಲಿಟ್ಟು ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕು. ಎಲ್ಲಿ ಬೆಳಕು ನುಸುಳುತ್ತದೋ ಅಲ್ಲಿ ತಗ್ಗಿದೆ ಎಂದು ಅರ್ಥ. ಉಳಿದ ಕಡೆಯಲ್ಲೆಲ್ಲ ಮತ್ತೆ ಉಜ್ಜಬೇಕು. ನಮ್ಮ ಮೇಷ್ಟ್ರು ವಾರಗಟ್ಟಲೆ ಇದನ್ನೇ ಮಾಡಿಸಿದರು. ಅಂಗೈಯಲ್ಲಿ ಬೊಬ್ಬೆ ಎದ್ದು, ಒಡೆದು, ಒಣಗಿ, ಚರ್ಮ ದಪ್ಪವಾಯಿತು. ಮಷೀನು ಇರುವಾಗ ಇದೆಲ್ಲ ಯಾಕೆ ಸಾರ್ ಎಂದು ಒಂದು ದಿನ ಕೇಳಿಯೇಬಿಟ್ಟೆ. ಅವರು ತಲೆ ಎತ್ತದೆ ಹೇಳಿದರು: "ಮಷೀನು ತಪ್ಪು ಮಾಡಿದಾಗ ನಿನಗೆ ಗೊತ್ತಾಗಬೇಕಲ್ಲಪ್ಪಾ, ಅದಕ್ಕೆ."

ಆ ಮಾತಿನ ಬೆಲೆ ನನಗೆ ಗೊತ್ತಾಗಿದ್ದು ಕಾರ್ಖಾನೆಗೆ ಹೋದ ಮೇಲೆ. ಅದನ್ನು ಆಮೇಲೆ ಹೇಳುತ್ತೇನೆ.

ಬೆಂಗಳೂರಿಗೆ ವಿಮಾನದ ಕಾರ್ಖಾನೆ ಬಂದದ್ದು 1940ರ ಡಿಸೆಂಬರಿನಲ್ಲಿ. ಮಹಾಯುದ್ಧ ನಡೆಯುತ್ತಿದ್ದ ಕಾಲ. ಉದ್ಯಮಿ ವಾಲಚಂದ್ ಹೀರಾಚಂದ್ ಅವರಿಗೆ ವಿಮಾನ ಮಾಡುವ ಹಂಬಲ. ಮೈಸೂರು ಸಂಸ್ಥಾನ ಜಾಗ ಕೊಟ್ಟಿತು, ಬಂಡವಾಳ ಹಾಕಿತು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಹಿಂದೂಸ್ತಾನ್ ಏರ್‌ಕ್ರಾಫ್ಟ್ ಎಂದು ಹೆಸರಿಟ್ಟರು; ಇವತ್ತಿನ ಎಚ್‌ಎಎಲ್ ಅದೇ. ಮೊದಲಿಗೆ ಅಮೆರಿಕದಿಂದ ಬಂದ ಭಾಗಗಳನ್ನು ಜೋಡಿಸಿ ಹಾರಿಸಿದರು. ಆಮೇಲೆ ಯುದ್ಧದಲ್ಲಿ ಏಟು ತಿಂದು ಬಂದ ಅಮೆರಿಕನ್ ವಿಮಾನಗಳನ್ನು ರಿಪೇರಿ ಮಾಡುವ ಕೆಲಸ ಬಂತು. ನಮ್ಮ ಸೀಮೆಯ ಬಡಗಿ, ಕಮ್ಮಾರ, ಟಿನ್‌ಕೆಲಸದವರ ಮಕ್ಕಳು ವಿಮಾನದ ಹೊಟ್ಟೆ ಬಿಚ್ಚಿ ನೋಡಿದ್ದು ಅಲ್ಲಿ. ಯಾವುದನ್ನೇ ಆಗಲಿ ಬಿಚ್ಚಿ ನೋಡಿದವನಿಗೆ ಒಂದು ಧೈರ್ಯ ಬರುತ್ತದೆ. ಇದನ್ನು ಮಾಡಿದವನೂ ಮನುಷ್ಯನೇ ಎಂದು ಗೊತ್ತಾಗುತ್ತದೆ.

ಆದರೆ ಬಿಚ್ಚಿ ಜೋಡಿಸುವುದು ಒಂದು ವಿದ್ಯೆ, ಹೊಸದಾಗಿ ಕಲ್ಪಿಸಿ ಮಾಡುವುದು ಇನ್ನೊಂದು ವಿದ್ಯೆ. ಆ ಎರಡನೆಯದಕ್ಕೆ ಬುನಾದಿ ಬಿದ್ದದ್ದು ಊರಿನ ಇನ್ನೊಂದು ತುದಿಯಲ್ಲಿ. ಈಗಲೂ ಹಳಬರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1942ರ ಡಿಸೆಂಬರಿನಲ್ಲಿ ವಿಮಾನಶಾಸ್ತ್ರದ ವಿಭಾಗ ಶುರುವಾಯಿತು. ಅದನ್ನು ಕಟ್ಟಿದವರು ವಿ.ಎಂ. ಘಾಟಗೆ. ಜರ್ಮನಿಯ ಗಟ್ಟಿಂಗೆನ್‌ನಲ್ಲಿ ಲುಡ್ವಿಗ್ ಪ್ರಾಂಟ್ಲ್ ಅವರ ಕೈಕೆಳಗೆ ಓದಿ ಬಂದವರು. ಗಾಳಿ ವಿಮಾನದ ಮೈಯನ್ನು ಸವರಿಕೊಂಡು ಹೋಗುವಾಗ ಮೈಗೆ ಅಂಟಿಕೊಂಡ ತೆಳುವಾದ ಪದರದಲ್ಲಿ ಏನಾಗುತ್ತದೆ ಎಂದು ಜಗತ್ತಿಗೆ ತೋರಿಸಿಕೊಟ್ಟವರು ಆ ಪ್ರಾಂಟ್ಲ್. ಅಂಥವರ ಶಿಷ್ಯ ಇಲ್ಲಿಗೆ ಬಂದು, ಬೆಂಗಳೂರಿನ ಹುಡುಗರಿಗೆ ಪಾಠ ಹೇಳಿ, ಆಮೇಲೆ ಕಾರ್ಖಾನೆಗೆ ಹೋಗಿ ವಿನ್ಯಾಸದ ಮುಖ್ಯಸ್ಥರಾಗಿ ಕೂತರು. 1951ರ ಆಗಸ್ಟಿನಲ್ಲಿ ಅವರ ತಂಡದ ಎಚ್‌ಟಿ-2 ಹಾರಿತು. ಪೈಲಟ್‌ಗಳಿಗೆ ತರಬೇತಿ ಕೊಡಲು ಮಾಡಿದ ಎರಡು ಸೀಟಿನ ಪುಟ್ಟ ವಿಮಾನ. ಅಂಥ ನೂರೈವತ್ತಕ್ಕೂ ಹೆಚ್ಚು ವಿಮಾನ ಮಾಡಿದರು, ಆಫ್ರಿಕಾದ ಘಾನಾ ದೇಶಕ್ಕೂ ಕಳಿಸಿದರು.

ವಿಭಾಗ ಶುರುವಾಗಿ ಒಂಬತ್ತನೆಯ ವರ್ಷಕ್ಕೆ ಸ್ವಂತ ವಿಮಾನ. ನಾನು ಈ ಒಂಬತ್ತು ವರ್ಷದ ಲೆಕ್ಕವನ್ನು ಮಕ್ಕಳಿಗೆ ಮತ್ತೆ ಮತ್ತೆ ಹೇಳುತ್ತಿದ್ದೆ. ಪಾಠ ಹೇಳುವವರು, ನಕ್ಷೆ ಬರೆಯುವವರು, ಅರ ಹಿಡಿಯುವವರು ಮೂವರೂ ಒಂದೇ ಊರಿನಲ್ಲಿ ಇದ್ದರು. ಬೇಕೆಂದಾಗ ಸೈಕಲ್ ಹತ್ತಿ ಒಬ್ಬರ ಬಳಿಗೆ ಇನ್ನೊಬ್ಬರು ಹೋಗುವಷ್ಟು ಹತ್ತಿರ ಇದ್ದರು.

ಇದಕ್ಕೂ ಹಿಂದೆ ನೆಲ ಹಸನು ಮಾಡಿದವರು ಇದ್ದರು. ಸರ್ ಎಂ. ವಿಶ್ವೇಶ್ವರಯ್ಯನವರು 1917ರಲ್ಲಿ ಬೆಂಗಳೂರಿಗೆ ಎಂಜಿನಿಯರಿಂಗ್ ಕಾಲೇಜು ತಂದರು. ಎಂಜಿನಿಯರರಷ್ಟೇ ಇದ್ದರೆ ಸಾಲದು, ಕೈಕೆಲಸದವರು ಬೇಕು ಎನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಭದ್ರಾವತಿ ಕಬ್ಬಿಣದ ಕಾರ್ಖಾನೆಯನ್ನು ನಡೆಸಿಕೊಟ್ಟದ್ದಕ್ಕೆ ತಮಗೆ ಬರಬೇಕಿದ್ದ ಸಂಭಾವನೆಯನ್ನು ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಗೆ ಕೊಟ್ಟರು. ತಮ್ಮ ಹೆಸರು ಬೇಡವೆಂದರು. ಅದೇ ಇವತ್ತಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್, ಎಸ್‌ಜೆಪಿ. ಅಲ್ಲಿ ಡಿಪ್ಲೊಮಾ ಮಾಡಿ ಬಂದ ಎಷ್ಟೋ ಜನರ ಜೊತೆ ನಾನು ಕೆಲಸ ಮಾಡಿದ್ದೇನೆ. ಡ್ರಾಯಿಂಗ್ ಓದುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ.

ಆ ಎಂಜಿನಿಯರಿಂಗ್ ಕಾಲೇಜಿನ ಒಬ್ಬ ಹುಡುಗನ ಕಥೆ ಹೇಳಬೇಕು. ಹುಡುಗನ ಹೆಸರು ರೊದ್ದಂ ನರಸಿಂಹ. ತಂದೆ ಆರ್.ಎಲ್. ನರಸಿಂಹಯ್ಯನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು, ವಿಜ್ಞಾನವನ್ನು ಕನ್ನಡದಲ್ಲಿ ಬರೆದು ನಮ್ಮಂಥವರ ಮನೆಗೆ ಮುಟ್ಟಿಸಿದವರು. ಮಗ ಮೆಕ್ಯಾನಿಕಲ್ ಓದುತ್ತಿದ್ದ. ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಸಾರ್ವಜನಿಕರನ್ನು ಒಳಗೆ ಬಿಡುವ ದಿನ ಅಲ್ಲಿಗೆ ಹೋದ. ವಿಮಾನಶಾಸ್ತ್ರ ವಿಭಾಗದ ಅಂಗಳದಲ್ಲಿ ಯುದ್ಧಕಾಲದ ಒಂದು ಸ್ಪಿಟ್‌ಫೈರ್ ವಿಮಾನ ನಿಂತಿತ್ತು. ನೋಡಿದ, ಮನಸ್ಸು ಅಲ್ಲೇ ನೆಟ್ಟಿತು. ಓದು ಮುಗಿದ ಮೇಲೆ ಅಲ್ಲಿಗೇ ಸೇರಿ ಸತೀಶ್ ಧವನ್ ಅವರ ಶಿಷ್ಯನಾದ, ಅಮೆರಿಕಕ್ಕೆ ಹೋಗಿ ಮುಂದೆ ಓದಿದ, ತಿರುಗಿ ಬಂದ. ಗಾಳಿಯ ಹರಿವಿನ ಶಾಸ್ತ್ರದಲ್ಲಿ ಜಗತ್ತೇ ಗೌರವಿಸುವ ವಿದ್ವಾಂಸರಾದರು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ, ಅಂದರೆ ಎನ್‌ಎಎಲ್‌ನ, ನಿರ್ದೇಶಕರಾದರು. ಅಂಗಳದಲ್ಲಿ ನಿಲ್ಲಿಸಿದ ಒಂದು ಹಳೆಯ ವಿಮಾನ, ಬಾಗಿಲು ತೆರೆದ ಒಂದು ದಿನ. ಅಷ್ಟು ಸಾಕಾಯಿತು ಎಂದರೆ ನಂಬಿ. ನಮ್ಮ ಜಿಲ್ಲೆಗಳ ಶಾಲೆಯ ಮಕ್ಕಳಿಗೆ ಅಂಥ ಒಂದು ದಿನ ವರ್ಷಕ್ಕೊಮ್ಮೆಯಾದರೂ ಸಿಗಲಿ ಎಂದು ನಾನು ಬಹಳ ಆಸೆಪಟ್ಟಿದ್ದೇನೆ.

ಈಗ ಮಾರುತಕ್ಕೆ ಬರುತ್ತೇನೆ. ಯುದ್ಧವಿಮಾನ ಮಾಡಬೇಕೆಂದು ತೀರ್ಮಾನವಾದಾಗ ಜರ್ಮನಿಯ ಹೆಸರಾಂತ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಅವರನ್ನು 1956ರಲ್ಲಿ ಬೆಂಗಳೂರಿಗೆ ಕರೆಸಿದರು. ಅವರ ಜೊತೆ ಕೂತು ನಮ್ಮವರು ಕಲಿತರು. ಲೋಹದ ವಿಮಾನ ಮಾಡುವ ಮೊದಲು ಅದೇ ಅಳತೆಯ ಮರದ ಗ್ಲೈಡರ್ ಒಂದನ್ನು ಮಾಡಿ, ಡಕೋಟಾ ವಿಮಾನದ ಹಿಂದೆ ಹಗ್ಗ ಕಟ್ಟಿ ಎಳೆಸಿಕೊಂಡು ಹೋಗಿ ಮೇಲೆ ಬಿಟ್ಟು, ಅದು ಹೇಗೆ ಹಾರುತ್ತದೆಂದು ನೋಡಿದರು. ಶಬ್ದದ ವೇಗದ ಲೆಕ್ಕ ಮಾಡುವವರ ಪಕ್ಕದಲ್ಲಿ ಬಡಗಿಯ ಉಳಿಯೂ ಕೆಲಸ ಮಾಡುತ್ತಿತ್ತು. ಎಲ್ಲ ಸೇರಿ 147 ಮಾರುತಗಳನ್ನು ಕಟ್ಟಿದರು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಅವು ಹಾರಿದವು.

ಅದಕ್ಕೆ ಒಂದೇ ಕೊರತೆ, ದೊಡ್ಡ ಕೊರತೆ. ಎಂಜಿನ್. ಆ ಮೈಕಟ್ಟಿಗೆ ತಕ್ಕ ಶಕ್ತಿಯ ಎಂಜಿನ್ ಬ್ರಿಟನ್ನಿನಿಂದ ಬರಬೇಕಿತ್ತು. ಅಲ್ಲಿ ಆ ಎಂಜಿನ್ನಿನ ಕೆಲಸವೇ ನಿಂತುಹೋಯಿತು. ಕಡಿಮೆ ಶಕ್ತಿಯ ಎಂಜಿನ್ ಹಾಕಿಕೊಂಡೇ ಮಾರುತ ತನ್ನ ಆಯುಸ್ಸು ಕಳೆಯಿತು.

ನನಗೆ ಇದಕ್ಕಿಂತ ಹೆಚ್ಚು ನೋವು ಕೊಡುವುದು ಮುಂದೆ ಆದದ್ದು. ಮಾರುತದ ಹಿಂದೆ ಇನ್ನೊಂದು ಯುದ್ಧವಿಮಾನ ಬರಲಿಲ್ಲ. ಕಿರಣ್ ತರಬೇತಿ ವಿಮಾನ ಬಂತು, ಮುಂದೆ ಧ್ರುವ ಹೆಲಿಕಾಪ್ಟರ್ ಬಂತು, ಅವು ಸಣ್ಣ ಸಾಧನೆಯಲ್ಲ. ಆದರೆ ಮಾರುತದ ಮೊದಲ ಹಾರಾಟ 1961ರಲ್ಲಿ, ನಮ್ಮದೇ ಮುಂದಿನ ಯುದ್ಧವಿಮಾನ ತೇಜಸ್‌ನ ಮೊದಲ ಹಾರಾಟ 2001ರಲ್ಲಿ. ನಡುವೆ ನಲವತ್ತು ವರ್ಷ. ಮಾರುತವನ್ನು ಇಪ್ಪತ್ತೈದನೆಯ ವಯಸ್ಸಿನಲ್ಲಿ ಮುಟ್ಟಿದ ಹುಡುಗ ತೇಜಸ್ ಹಾರುವಾಗ ಅರವತ್ತೈದರ ಮುದುಕ. ಅವನ ಕೈಯಲ್ಲಿದ್ದದ್ದು ಯಾರ ಕೈಗೆ ದಾಟಿತು? ಪುಸ್ತಕದಲ್ಲಿ ಬರೆದಿಟ್ಟದ್ದು ಉಳಿಯಿತು. ರಿವೆಟ್ ಬಡಿಯುವಾಗ ಶಬ್ದ ಕೇಳಿಯೇ ಇದು ಸರಿ ಕೂತಿಲ್ಲ ಎಂದು ಹೇಳುವ ಕಿವಿ ಮನೆಗೆ ಹೋಯಿತು.

ಆ ನಲವತ್ತು ವರ್ಷ ಕಾರ್ಖಾನೆ ಸುಮ್ಮನೆ ಕೂತಿರಲಿಲ್ಲ. ಬೇರೆ ದೇಶಗಳಿಂದ ಲೈಸೆನ್ಸ್ ತಂದು ಅವರ ವಿಮಾನಗಳನ್ನು ಇಲ್ಲಿ ಕಟ್ಟಿದೆವು. ಸಾವಿರಾರು ಹಾಳೆ ಡ್ರಾಯಿಂಗ್ ಬರುತ್ತಿತ್ತು. ಈ ಬೋಲ್ಟನ್ನು ಇಷ್ಟು ಬಿಗಿ ಮಾಡು, ಈ ರಂಧ್ರ ಇಷ್ಟು ಅಗಲ ಇರಲಿ ಎಂದು ಎಲ್ಲ ಅದರಲ್ಲಿ ಇರುತ್ತಿತ್ತು. ಯಾಕೆ ಅಷ್ಟೇ ಬಿಗಿ, ಯಾಕೆ ಅಷ್ಟೇ ಅಗಲ ಎನ್ನುವುದು ಇರುತ್ತಿರಲಿಲ್ಲ. ಅತ್ತೆ ಬರೆದುಕೊಟ್ಟ ಚೀಟಿ ನೋಡಿಕೊಂಡು ಬಿಸಿಬೇಳೆಬಾತು ಮಾಡುವ ಹೊಸ ಸೊಸೆಯ ಹಾಗೆ. ಅಡಿಗೆ ಚೆನ್ನಾಗಿಯೇ ಆಗುತ್ತದೆ. ಒಂದು ದಿನ ಹುಣಸೆಹಣ್ಣು ಸಿಗದಿದ್ದರೆ ಏನು ಮಾಡಬೇಕೆಂದು ಚೀಟಿಯಲ್ಲಿ ಬರೆದಿರುವುದಿಲ್ಲ.

ಹುಣಸೆಹಣ್ಣು ಸಿಗದ ದಿನ 1998ರಲ್ಲಿ ಬಂದೇಬಂತು. ತೇಜಸ್ ಹಾರುವುದು ಹಳೆಯ ವಿಮಾನಗಳ ಹಾಗಲ್ಲ. ಜಾತ್ರೆಯಲ್ಲಿ ಅಂಗೈ ಮೇಲೆ ಉದ್ದನೆಯ ಕೋಲು ನಿಲ್ಲಿಸಿಕೊಂಡು ಆಡುವ ಹುಡುಗನನ್ನು ನೋಡಿದ್ದೀರಿ. ಕೋಲು ಬೀಳುತ್ತಲೇ ಇರುತ್ತದೆ, ಅವನ ಕೈ ಕ್ಷಣಕ್ಷಣಕ್ಕೂ ಸರಿದು ಅದನ್ನು ನಿಲ್ಲಿಸುತ್ತಿರುತ್ತದೆ. ತೇಜಸ್‌ನ ಮೈಯನ್ನು ಬೇಕೆಂದೇ ಹಾಗೆ ಮಾಡಿದ್ದಾರೆ, ಚುರುಕಾಗಿ ತಿರುಗಲಿ ಎಂದು. ಆ ಹುಡುಗನ ಕೈಯ ಕೆಲಸವನ್ನು ಅದರಲ್ಲಿ ಕಂಪ್ಯೂಟರ್ ಮಾಡುತ್ತದೆ. ರೆಕ್ಕೆಯ ಅಂಚುಗಳು ಎಷ್ಟು ಅಲುಗಾಡಬೇಕೆಂಬ ಲೆಕ್ಕವೇ ಅದರ ಜೀವ. ನಮ್ಮ ಎಂಜಿನಿಯರರು ಅಮೆರಿಕದ ಕಂಪನಿಯವರ ಜೊತೆ ಆ ಕೆಲಸ ಮಾಡುತ್ತಿದ್ದರು. ಪೋಖ್ರಾನ್ ಅಣುಪರೀಕ್ಷೆ ಆಯಿತು, ಅಮೆರಿಕ ನಿರ್ಬಂಧ ಹಾಕಿತು. ನಮ್ಮವರನ್ನು ವಾಪಸ್ಸು ಕಳಿಸಿದರು, ಉಪಕರಣಗಳು ಅಲ್ಲೇ ಉಳಿದವು.

ಆಗ ಕೈಹಿಡಿದದ್ದು ಏನು? ನಮ್ಮದೇ ಎನ್‌ಎಎಲ್‌ನಲ್ಲಿ 1992ರಿಂದಲೇ ಈ ಲೆಕ್ಕಕ್ಕಾಗಿ ಒಂದು ತಂಡ ಕೂತು ಕೆಲಸ ಮಾಡುತ್ತಿತ್ತು. ಶ್ಯಾಮ್ ಚೆಟ್ಟಿ ಅವರ ನೇತೃತ್ವ. ವಿಜ್ಞಾನ ಸಂಸ್ಥೆ, ಐಐಟಿಗಳಲ್ಲಿ ಕಲಿತ ಎಂಜಿನಿಯರರು, ಜೊತೆಗೆ ವಾಯುಪಡೆಯ ಪರೀಕ್ಷಾ ಪೈಲಟ್‌ಗಳು. ನೆಲದ ಮೇಲೆ ನಿಲ್ಲಿಸಿದ ಸಿಮ್ಯುಲೇಟರಿನಲ್ಲಿ ಮತ್ತೆ ಮತ್ತೆ ಹಾರಿಸಿ, ತಪ್ಪು ಹುಡುಕಿ, ತಿದ್ದಿ ಮುಗಿಸಿದರು. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲ್ ಅದನ್ನು ಬೆಂಗಳೂರಿನ ಆಕಾಶಕ್ಕೆ ಏರಿಸಿ ಕ್ಷೇಮವಾಗಿ ಇಳಿಸಿದರು. ಆವತ್ತು ನಾನು ಕ್ಲಾಸು ಬಿಟ್ಟು ಮಕ್ಕಳನ್ನು ಹೊರಗೆ ಕರೆದುಕೊಂಡು ಬಂದು ಆ ಸುದ್ದಿ ಹೇಳಿದೆ. ಯಾವ ಮಗುವಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ನನ್ನ ಕಣ್ಣು ಒದ್ದೆಯಾಗಿದ್ದನ್ನು ಅವರು ನೋಡಿದರು.

ಎಂಜಿನ್ ಮಾತ್ರ ಇನ್ನೂ ನಮ್ಮದಲ್ಲ. ತೇಜಸ್‌ಗೆ ಹಾಕುವುದು ಅಮೆರಿಕದ ಎಂಜಿನ್. ಹೊಸ ಮಾರ್ಕ್-1ಎ ವಿಮಾನಗಳು ತಡವಾಗಿದ್ದಕ್ಕೆ ಆ ಎಂಜಿನ್ ಬರುವುದು ತಡವಾದದ್ದೂ ಒಂದು ಕಾರಣ. ಬೆಂಗಳೂರಿನ ಜಿಟಿಆರ್‌ಇ ಪ್ರಯೋಗಾಲಯ ಎಂಬತ್ತರ ದಶಕದ ಕೊನೆಯಿಂದ ಕಾವೇರಿ ಎಂಜಿನ್ ಮೇಲೆ ಕೆಲಸ ಮಾಡಿತು. ತೇಜಸ್‌ಗೆ ಬೇಕಾದ ಶಕ್ತಿ ಅದರಿಂದ ಬರಲಿಲ್ಲ, 2008ರಲ್ಲಿ ಅದನ್ನು ತೇಜಸ್‌ನಿಂದ ಬೇರೆ ಮಾಡಿದರು. ಕಾವೇರಿ ಸೋತಿತು ಎಂದು ಬರೆಯುವವರು ಬಹಳ. ಅದರ ಕಷ್ಟ ಏನೆಂದು ಸ್ವಲ್ಪ ಹತ್ತಿರದಿಂದ ನೋಡೋಣ.

ಜೆಟ್ ಎಂಜಿನ್ನಿನ ಒಳಗೆ ಉರಿಯುವ ಅನಿಲ ನುಗ್ಗಿ ಬಂದು ಸಾಲಾಗಿ ಕೂತ ಬ್ಲೇಡುಗಳಿಗೆ ಬಡಿಯುತ್ತದೆ. ಒಂದೊಂದು ಬ್ಲೇಡು ನಿಮ್ಮ ಬೆರಳಿನಷ್ಟೋ ಅಂಗೈಯಷ್ಟೋ ಇರುತ್ತದೆ. ಆ ಅನಿಲದ ಬಿಸಿ ಬ್ಲೇಡಿನ ಲೋಹ ಕರಗುವ ಬಿಸಿಗಿಂತಲೂ ಹೆಚ್ಚು. ಆ ಬಿಸಿಯಲ್ಲಿ ಅದು ಕರಗದೆ, ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಬೇಕು. ಅದಕ್ಕೆ ಬ್ಲೇಡಿನ ಒಳಗೆ ಸೂಕ್ಷ್ಮವಾದ ದಾರಿಗಳನ್ನು ಬಿಟ್ಟು ಗಾಳಿ ಹಾಯಿಸುತ್ತಾರೆ, ಹೊರಗೆ ಪಿಂಗಾಣಿಯಂಥ ಲೇಪ ಕೊಡುತ್ತಾರೆ. ಅದೂ ಸಾಲದು. ಸಾಮಾನ್ಯ ಲೋಹ ಅಂದರೆ ಅಸಂಖ್ಯಾತ ಹರಳುಗಳು ಒತ್ತಿಕೊಂಡಿರುವ ರಾಶಿ. ಹರಳು ಹರಳು ಸೇರುವ ಗೆರೆಯೇ ಬಿಸಿಯಲ್ಲಿ ಮೊದಲು ಬಿಟ್ಟುಕೊಳ್ಳುತ್ತದೆ. ಹಾಗಾಗಿ ಇಡೀ ಬ್ಲೇಡು ಒಂದೇ ಹರಳಾಗಿ ಬೆಳೆಯುವ ಹಾಗೆ ಎರಕ ಹೊಯ್ಯುತ್ತಾರೆ. ಕುಲುಮೆಯಿಂದ ಅಚ್ಚನ್ನು ನಿಧಾನವಾಗಿ, ಬಹಳ ನಿಧಾನವಾಗಿ ಕೆಳಗಿಳಿಸುತ್ತ ತಣಿಸಬೇಕು. ಹೈದರಾಬಾದಿನ ಡಿಎಂಆರ್‌ಎಲ್ ಪ್ರಯೋಗಾಲಯದವರು ಇದನ್ನು ಸಾಧಿಸಿ, 2021ರಲ್ಲಿ ಹೆಲಿಕಾಪ್ಟರ್ ಎಂಜಿನ್ನಿಗಾಗಿ ಅಂಥ 60 ಬ್ಲೇಡುಗಳನ್ನು ಎಚ್‌ಎಎಲ್‌ಗೆ ಕೊಟ್ಟರು.

ಈ ವಿದ್ಯೆಯನ್ನು ಯಾರೂ ಮಾರುವುದಿಲ್ಲ. ಮಾರಿದರೂ ಚೀಟಿ ಕೊಡುತ್ತಾರೆ, ಕೈಹದ ಕೊಡಲಾರರು. ಎಷ್ಟೋ ಅಚ್ಚು ಒಡೆದ ಮೇಲೆ ಬರುವ ವಿದ್ಯೆ ಅದು. ಆದ್ದರಿಂದ ಕಾವೇರಿಯಲ್ಲಿ ಕಳೆದ ವರ್ಷಗಳನ್ನು ನಾನು ವ್ಯರ್ಥ ಎನ್ನಲಾರೆ. ಅಲ್ಲಿ ಒಡೆದ ಅಚ್ಚುಗಳ ಮುಂದೆ ನಿಂತಿದ್ದವರು ಆ ಕೆಲಸದಲ್ಲೇ ಉಳಿದಿದ್ದಾರೆಯೇ, ಹೊಸಬರು ಅವರ ಪಕ್ಕದಲ್ಲಿ ನಿಂತು ಕಲಿಯುತ್ತಿದ್ದಾರೆಯೇ ಎನ್ನುವುದೇ ನನ್ನ ಚಿಂತೆ. ಮಾರುತದ ನಂತರ ಆದದ್ದು ಇಲ್ಲಿಯೂ ಆಗಬಾರದು.

ನನ್ನ ಕಾರ್ಖಾನೆಯ ವಿಷಯ ಹೇಳುತ್ತೇನೆ ಎಂದಿದ್ದೆ. ನನಗಾಗ ಇಪ್ಪತ್ತೊಂದು ವರ್ಷ. ಅಲ್ಯೂಮಿನಿಯಂ ಮಿಶ್ರಲೋಹದ ಒಂದು ಭಾಗಕ್ಕೆ ರಂಧ್ರ ಕೊರೆಯುತ್ತಿದ್ದೆ. ಡ್ರಿಲ್ಲು ಒಂದು ಚೂರು ಜಾರಿತು. ಅಳೆದು ನೋಡಿದರೆ ರಂಧ್ರ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ಪಕ್ಕಕ್ಕೆ ಸರಿದಿತ್ತು. ಕಣ್ಣಿಗೆ ಕಾಣುವಂಥದಲ್ಲ. ಮೇಲೆ ಬೋಲ್ಟ್ ಕೂತರೆ ಮುಚ್ಚಿಹೋಗುತ್ತದೆ. ಆ ಭಾಗದ ಬೆಲೆ ನನ್ನ ಎಷ್ಟೋ ತಿಂಗಳ ಸಂಬಳ. ಎದೆ ಡವಡವ ಎನ್ನುತ್ತಿತ್ತು. ಮಧ್ಯಾಹ್ನದವರೆಗೆ ಯಾರಿಗೂ ಹೇಳದೆ ಅದನ್ನು ಬೆಂಚಿನ ಕೆಳಗೆ ಇಟ್ಟುಕೊಂಡೆ. ಊಟಕ್ಕೆ ಹೋಗಲಿಲ್ಲ. ನಮ್ಮ ಸೆಕ್ಷನ್ನಿನ ಮೇಸ್ತ್ರಿ ನನ್ನ ಮುಖ ನೋಡಿಯೇ ಹಿಡಿದರು. "ಏನಪ್ಪಾ, ಏನು ಕೆಡಿಸಿದೆ?" ಎಂದರು. ತೆಗೆದು ತೋರಿಸಿದೆ. ಅವರು ಬೈಯಲಿಲ್ಲ. ಅಳೆದು ನೋಡಿದರು, ಇನ್‌ಸ್ಪೆಕ್ಟರನ್ನು ಕರೆಸಿದರು, ಕಾಗದ ಬರೆಸಿದರು. ಆಮೇಲೆ ಡಬ್ಬಿ ತಂದು ನನ್ನ ಕೈಗೇ ಬ್ರಷ್ ಕೊಟ್ಟು ಆ ಭಾಗದ ಮೇಲೆ ಕೆಂಪು ಬಣ್ಣ ಬಳಿಸಿದರು. ಕೆಂಪು ಬಳಿದದ್ದು ಮತ್ತೆ ಎಂದೂ ವಿಮಾನಕ್ಕೆ ಹೋಗಬಾರದು. "ಇದರ ಮೇಲೆ ಒಬ್ಬ ತಾಯಿಯ ಮಗ ಕೂರ್ತಾನೆ ಕಣಪ್ಪಾ" ಎಂದರು, ಅಷ್ಟೇ.

ಈ ಪಾಠ ಯಾವ ಪಠ್ಯಪುಸ್ತಕದಲ್ಲಿದೆ? ರಕ್ಷಣಾ ಕೈಗಾರಿಕೆಗೂ ಬೇರೆ ಕೈಗಾರಿಕೆಗೂ ಇರುವ ಅಂತರ ಇಲ್ಲಿದೆ. ಪೀಣ್ಯದ ಸಣ್ಣ ಶೆಡ್ಡಿನಲ್ಲಿ ಲೇತಿನ ಮುಂದೆ ನಿಂತ ಹುಡುಗ ಪಂಪಿನ ಭಾಗ ಮಾಡುತ್ತಾನೆ, ಬೇಕಾದರೆ ವಿಮಾನದ ಭಾಗವನ್ನೂ ಮಾಡಬಲ್ಲ. ವಿಮಾನದ್ದಾದರೆ ಆ ಲೋಹ ಯಾವ ಎರಕದಿಂದ ಬಂತು, ಯಾರು ಕೊರೆದರು, ಯಾರು ಅಳೆದರು ಎಲ್ಲವೂ ಕಾಗದದಲ್ಲಿ ಇರಬೇಕು, ವರ್ಷಗಳ ನಂತರವೂ ತೆಗೆದು ತೋರಿಸುವಂತಿರಬೇಕು. ಸಾವಿರಗಟ್ಟಲೆ ಆರ್ಡರ್ ಬರುವುದಿಲ್ಲ. ಇಪ್ಪತ್ತೋ ಮೂವತ್ತೋ ಪೀಸು ಬರುತ್ತದೆ, ಆಮೇಲೆ ಎಷ್ಟೋ ತಿಂಗಳು ಏನೂ ಇರುವುದಿಲ್ಲ. ದುಡ್ಡು ಕೈಸೇರುವುದೂ ನಿಧಾನ. ಶೆಡ್ಡಿನ ಯಜಮಾನ ಅಷ್ಟು ದಿನ ಆ ಹುಡುಗನನ್ನು ಹೇಗೆ ಉಳಿಸಿಕೊಳ್ಳಬೇಕು? ಹುಡುಗ ಬಿಟ್ಟು ಹೋಗುತ್ತಾನೆ, ಊಟ ತಲುಪಿಸುವ ಬೈಕು ಹತ್ತುತ್ತಾನೆ. ಕಲಿತ ಕೈ ಹಾಗೆ ಹೋಯಿತು. ಆರ್ಡರುಗಳನ್ನು ತುಂಡು ತುಂಡು ಮಾಡದೆ ಐದಾರು ವರ್ಷಕ್ಕೆ ಕೊಟ್ಟರೆ, ಮಾಡಿದ ಕೆಲಸದ ದುಡ್ಡನ್ನು ಹೇಳಿದ ದಿನಕ್ಕೆ ಕೊಟ್ಟರೆ, ಅದು ಯಾವ ತರಬೇತಿ ಯೋಜನೆಗಿಂತಲೂ ದೊಡ್ಡ ತರಬೇತಿಯಾಗುತ್ತದೆ.

ಈಗ ಕೆಲಸ ಬರುತ್ತಿರುವ ಕಾಲ. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. 2025ರ ಮಾರ್ಚಿನಲ್ಲಿ 156 ಪ್ರಚಂಡ ಹೆಲಿಕಾಪ್ಟರುಗಳಿಗೆ 62,700 ಕೋಟಿ ರೂಪಾಯಿಯ ಒಪ್ಪಂದವಾಯಿತು. ಅವು ಬೆಂಗಳೂರಿನಲ್ಲಿ, ತುಮಕೂರಿನಲ್ಲಿ ತಯಾರಾಗಬೇಕು. ಬೆಳಗಾವಿಯಲ್ಲಿ ಎರಕದ, ಮಷೀನಿಂಗ್ ಕೆಲಸದ ಹಳೆಯ ಹದ ಇದೆ. ಅದರ ಹತ್ತಿರ ಹತ್ತರಗಿಯಲ್ಲಿ ಏಕಸ್ ಕಂಪನಿಯವರು ವಿಮಾನದ ಭಾಗಗಳನ್ನು ಮಾಡಿ ಹೊರದೇಶಕ್ಕೆ ಕಳಿಸುತ್ತಿದ್ದಾರೆ. 2024-25ರಲ್ಲಿ ದೇಶದ ರಕ್ಷಣಾ ರಫ್ತು 23,622 ಕೋಟಿ ರೂಪಾಯಿ ಮುಟ್ಟಿತು.

ಇಷ್ಟೆಲ್ಲ ಆಗುವ ಕಡೆ ಭೂಮಿಯ ಮಾತೂ ಬರುತ್ತದೆ. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯಲ್ಲಿ ಏರೋಸ್ಪೇಸ್ ಪಾರ್ಕಿಗಾಗಿ 1,777 ಎಕರೆ ತೆಗೆದುಕೊಳ್ಳಲು ಹೊರಟಾಗ ರೈತರು ವರ್ಷಗಟ್ಟಲೆ ಹೋರಾಡಿದರು. 2025ರ ಜುಲೈನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ರೈತರ ಮಾತು ನನಗೆ ಸರಿ ಎನಿಸಿತು. ಕಾರ್ಖಾನೆ ಬರುವ ಊರಿಗೆ ಸರ್ವೆಯವರು ಮೊದಲು ಬರುತ್ತಾರೆ, ಶಾಲೆಯ ಮೇಷ್ಟ್ರು ಆಮೇಲೆ ಬಂದರೆ ಬಂದರು. ನೆಲ ಕೊಟ್ಟ ಮನೆಯ ಮಗ ಅದೇ ನೆಲದ ಗೇಟಿನಲ್ಲಿ ಲಾಠಿ ಹಿಡಿದು ನಿಲ್ಲುವುದನ್ನು ನಾನು ನೋಡಿದ್ದೇನೆ. ಕಾರ್ಖಾನೆಗೆ ಅಡಿಗಲ್ಲು ಹಾಕಿದ ದಿನವೇ ಆ ಹೋಬಳಿಯ ಎಂಟನೇ ಕ್ಲಾಸಿನ ಮಕ್ಕಳಿಗೆ ಗಣಿತ ಹೇಳಿಕೊಡಲು ಒಳ್ಳೆಯ ಮೇಷ್ಟ್ರನ್ನು ಕಳಿಸಿದರೆ, ಕಟ್ಟಡ ಏಳುವುದರೊಳಗೆ ಆ ಮಕ್ಕಳು ಐಟಿಐ ಮುಗಿಸಿರುತ್ತಾರೆ. ಸರ್ಕಾರದ್ದೇ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, 1972ರಲ್ಲಿ ಡೆನ್ಮಾರ್ಕಿನವರ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾಗಿ, ಈಗ ರಾಜ್ಯದ ಹಲವು ಊರುಗಳಲ್ಲಿ ಇದೆ. ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳು ಅಲ್ಲಿ ಸೇರಿ, ಕೊನೆಯ ವರ್ಷ ಕಾರ್ಖಾನೆಯಲ್ಲೇ ಕೆಲಸ ಮಾಡಿ ಕಲಿಯುತ್ತಾರೆ. ಆ ಬಗೆಯ ಓದು ನಮಗೆ ಇನ್ನೂ ಬಹಳ ಬೇಕು.

ಮಷೀನು ತಂದುಬಿಟ್ಟರೆ ಓದು ಬಂತೆಂದು ತಿಳಿಯಬಾರದು. ನಾನು ಕೆಲಸ ಮಾಡಿದ ಒಂದು ಕಡೆ, ಹೆಸರು ಬೇಡ, ಹೊಸ ಸಿಎನ್‌ಸಿ ಮಷೀನು ಬಂತು. ಅದಕ್ಕೆ ತಕ್ಕ ಕರೆಂಟು ಲೈನಿಲ್ಲ, ನಡೆಸಲು ಕಲಿತವರಿಲ್ಲ. ಎರಡು ವರ್ಷ ಅದು ಪ್ಲಾಸ್ಟಿಕ್ ಹೊದಿಕೆಯೊಳಗೇ ಕೂತಿತ್ತು. ಮಕ್ಕಳು ಹೊದಿಕೆಯ ಧೂಳಿನ ಮೇಲೆ ಬೆರಳಿನಿಂದ ತಮ್ಮ ಹೆಸರು ಬರೆಯುತ್ತಿದ್ದರು. ಕಾರ್ಖಾನೆಯಲ್ಲಿ ನಿವೃತ್ತರಾದ ಒಬ್ಬ ಮೇಸ್ತ್ರಿಯನ್ನು ವಾರಕ್ಕೆರಡು ದಿನ ಕರೆಸಿದ್ದರೂ ಅದು ತಿರುಗುತ್ತಿತ್ತು. ಅಂಥವರು ಬೆಂಗಳೂರಿನ ವಿಮಾನಪುರ, ಜಾಲಹಳ್ಳಿ, ದೂರವಾಣಿನಗರದ ಮನೆಗಳಲ್ಲಿ ಎಷ್ಟು ಜನ ಇದ್ದಾರೆ! ಓದಿನ ಕಾಗದ ಇಲ್ಲವೆಂದು ಅವರಲ್ಲಿ ಹಲವರಿಗೆ ಪಾಠ ಹೇಳುವ ಅವಕಾಶ ಸಿಗುವುದಿಲ್ಲ. ಈ ಒಂದು ಅಡ್ಡಿ ಸಡಿಲವಾದರೆ ಮಾರುತದ ಕಾಲದಲ್ಲಿ ಕಳೆದುಕೊಂಡದ್ದನ್ನು ಈ ಸಲ ಕಳೆದುಕೊಳ್ಳುವುದಿಲ್ಲ.

ಭಾಷೆಯ ಬಗ್ಗೆ ಒಂದು ಮಾತು. ನನ್ನ ಕ್ಲಾಸಿನ ಮಕ್ಕಳಲ್ಲಿ ಹೆಚ್ಚಿನವರು ಕನ್ನಡ ಶಾಲೆಯಿಂದ ಬಂದವರು. ಡ್ರಾಯಿಂಗಿನ ಮೇಲಿನ ಇಂಗ್ಲಿಷ್ ನೋಡಿ ಕೈ ನಡುಗುತ್ತಿತ್ತು. ಕನ್ನಡದಲ್ಲಿ ಒಮ್ಮೆ ವಿವರಿಸಿ, ಮಣ್ಣಿನಲ್ಲಿ ಮಾಡಿ ತೋರಿಸಿದರೆ, ಮೇಲಿನಿಂದ ನೋಡಿದ ನೋಟ, ಪಕ್ಕದಿಂದ ನೋಡಿದ ನೋಟ ತಟ್ಟನೆ ಹೊಳೆಯುತ್ತಿತ್ತು. ಹೊಳೆದ ಮೇಲೆ ಇಂಗ್ಲಿಷ್ ಪದಗಳು ತಾವಾಗಿ ಬರುತ್ತಿದ್ದವು.

ಹಾಗೆ ಕಲಿತವರಲ್ಲಿ ಒಬ್ಬಳು ಗುಬ್ಬಿ ಕಡೆಯ ಹುಡುಗಿ. ಫಿಟ್ಟರ್ ಕ್ಲಾಸಿನಲ್ಲಿ ಮೂವತ್ತು ಹುಡುಗರ ನಡುವೆ ಒಬ್ಬಳೇ. ಅರ ಹಿಡಿದು ಕೈ ಬೊಬ್ಬೆ ಎದ್ದಾಗ ಬಟ್ಟೆ ಸುತ್ತಿಕೊಂಡು ಉಜ್ಜುತ್ತಿದ್ದಳು. ಈಗ ವಿಮಾನದ ಭಾಗ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿದ್ದಾಳೆ. ಹೋದ ತಿಂಗಳು ರಾತ್ರಿ ಫೋನ್ ಮಾಡಿದಳು.

"ಸಾರ್, ಇವತ್ತು ಒಂದು ಪೀಸು ಕೆಟ್ಟೋಯ್ತು. ನಾನೇ ಹೋಗಿ ಹೇಳ್ದೆ ಸಾರ್. ಕೆಂಪು ಬಣ್ಣ ಬಳಿಸಿದ್ರು."

"ಬೈದರೇನವ್ವಾ?" ಎಂದೆ.

"ಇಲ್ಲ ಸಾರ್. ಸ್ಟೋರಿನಿಂದ ಬೇರೆ ಮೆಟೀರಿಯಲ್ ಕೊಟ್ಟವ್ರೆ. ನಾಳೆ ಬೆಳಿಗ್ಗೆ ಶಿಫ್ಟಿಗೆ ಹೋಗಿ ಮತ್ತೆ ಶುರು ಮಾಡ್ತೀನಿ."